ಖಾಲಿ ಗುಳಿಗಳ ಲೆಕ್ಕ: ಮನೆಯಾಗುವ ಮೊದಲು ಒಂದು ಮರದ ಬಾರ್ನ್ ಓದಿದ್ದು

ಇಂಗ್ಲೆಂಡಿನ ಪೂರ್ವಕ್ಕೆ, ಎಸೆಕ್ಸ್, ಸಫೋಕ್ ಕಡೆ ಹೋದರೆ ಹೊಲಗಳ ನಡುವೆ ಕಪ್ಪು ಹಲಗೆ ಹೊದ್ದ ದೊಡ್ಡ ಬಾರ್ನ್‌ಗಳು ಇನ್ನೂ ನಿಂತಿವೆ. ಅವುಗಳ ಭಾರ ಹೊತ್ತಿರುವುದು ಗೋಡೆಯಲ್ಲ, ಓಕ್ ಮರದ ಚೌಕಟ್ಟು. ಸಾಲು ಕಂಬ, ಕಂಬಗಳ ತಲೆಯ ಮೇಲೆ ಉದ್ದಕ್ಕೆ ಮಲಗಿದ ತೊಲೆ, ಎರಡು ಬದಿಯನ್ನು ಬಿಗಿದು ಹಿಡಿದ ಅಡ್ಡತೊಲೆ, ಮೇಲೆ ಜಂತೆಗಳು. ಮರಕ್ಕೆ ಮರ ಕೂಡಿಸಿ, ಮರದ್ದೇ ಗೂಟ ಹೊಡೆದು ನಿಲ್ಲಿಸಿದ್ದಾರೆ. ತೆನೆ ಒಟ್ಟುವುದಕ್ಕೆ, ಒಕ್ಕುವುದಕ್ಕೆ, ತೂರುವುದಕ್ಕೆ ಕಟ್ಟಿದ ಕಟ್ಟಡ ಇದು. ನಡುವಿನ ಅಂಕಣವೇ ಕಣ. ಗಾಳಿ ಹಾಯ್ದು ಹೊಟ್ಟು ಹಾರಲಿ ಎಂದು ಕಣದ ಎರಡೂ ಕಡೆ ಎದುರುಬದುರಾಗಿ ಎತ್ತರದ ಬಾಗಿಲು. 1786ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕ್ಲ್ ಒಕ್ಕುವ ಯಂತ್ರ ಮಾಡಿದ ಮೇಲೆ ಈ ಕಣಗಳ ಕೆಲಸ ನಿಧಾನವಾಗಿ ಕಡಿಮೆಯಾಯಿತು. ಕಂಬೈನ್ ಹಾರ್ವೆಸ್ಟರ್ ಬಂದ ಮೇಲೆ ಮುಗಿದೇ ಹೋಯಿತು. ಈಗಿನ ಯಂತ್ರಗಳು ಆ ಬಾಗಿಲಲ್ಲಿ ಹಿಡಿಸುವುದೂ ಇಲ್ಲ. ರೈತನಿಗೆ ಬೇಡವಾದ ಬಾರ್ನ್ ಬೀಳುತ್ತದೆ, ಇಲ್ಲವೇ ಮನೆಯಾಗುತ್ತದೆ.

ಮನೆಯಾಗುವ ಮೊದಲು ಒಳಗೆ ಹೋಗಿ ಇರುವುದನ್ನೆಲ್ಲ ಅಳೆದು, ಬರೆದು, ಚಿತ್ರ ತೆಗೆದು ದಾಖಲಿಸುವುದು ನನ್ನ ಕೆಲಸ. ಈಚೆಗೆ ಮುಗಿಸಿದ ಐದು ಅಂಕಣದ ಒಂದು ಬಾರ್ನ್‌ನ ಅನುಭವ ಇದು. ಮಾಲೀಕರ ಮನೆ ಎಂಬ ಕಾರಣಕ್ಕೆ ಊರು, ಹೆಸರು ಹೇಳುವುದಿಲ್ಲ.

ಕೆಲಸ ಶುರುವಾಗುವುದು ಕಾಗದದಲ್ಲಿ. ಪರಿವರ್ತನೆಗೆ ಅನುಮತಿ ಕೊಡುವಾಗ ಸ್ಥಳೀಯ ಪ್ಲಾನಿಂಗ್ ಪ್ರಾಧಿಕಾರ ಒಂದು ಷರತ್ತು ಹಾಕುತ್ತದೆ: ದಾಖಲೆ ಆಗುವ ತನಕ ಕಟ್ಟಡಕ್ಕೆ ಕೈ ಹಚ್ಚಬಾರದು. ಆಮೇಲೆ ನಾವು ಏನನ್ನು, ಹೇಗೆ, ಎಷ್ಟು ವಿವರವಾಗಿ ದಾಖಲಿಸುತ್ತೇವೆ ಎಂಬ ಯೋಜನೆ ಬರೆದು ಒಪ್ಪಿಗೆ ಪಡೆಯಬೇಕು. ವಿವರದ ಮಟ್ಟಕ್ಕೆ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಮಾರ್ಗಸೂಚಿ ಇದೆ. ಅದರಲ್ಲಿ 4 ಹಂತ. 1ನೇ ಹಂತವೆಂದರೆ ಹೊರಗಿನಿಂದ ನೋಡಿ ಬರೆದ ಟಿಪ್ಪಣಿ ಮತ್ತು ಕೆಲವು ಚಿತ್ರ. 4ನೆಯದು ಕಟ್ಟಡದ ಚರಿತ್ರೆಯನ್ನೇ ಪೂರ್ತಿ ಬಿಡಿಸಿ ವಿಶ್ಲೇಷಿಸುವುದು. ನಮಗೆ ಹೇಳಿದ್ದು 3ನೇ ಹಂತ.

ಲಿಸ್ಟೆಡ್ ಕಟ್ಟಡ, ಅಂದರೆ ಸಂರಕ್ಷಿತ ಪಟ್ಟಿಯಲ್ಲಿರುವುದು, ಆಗಿದ್ದರೆ ಇಷ್ಟಾದರೂ ನಡೆಯುತ್ತದೆ. ಪಟ್ಟಿಗೆ ಸೇರದ ಕೃಷಿ ಕಟ್ಟಡಗಳಿಗೆ 2014ರಿಂದ ಬೇರೆ ದಾರಿ ತೆರೆದಿದೆ. ಪೂರ್ಣ ಪ್ಲಾನಿಂಗ್ ಅರ್ಜಿ ಇಲ್ಲದೆಯೇ ಅವು ಮನೆಯಾಗಬಹುದು. ಅಲ್ಲಿ ದಾಖಲೆಯ ಮಾತಿಗೆ ಜಾಗ ತೀರಾ ಕಡಿಮೆ. ಹೊರಗಿನಿಂದ ತಗಡಿನ ಶೆಡ್ಡಿನಂತೆ ಕಂಡು, ಒಳಗೆ ಹಳೆಯ ಓಕ್ ಚೌಕಟ್ಟು ಇಟ್ಟುಕೊಂಡ ಎಷ್ಟು ಕಟ್ಟಡ ಹೀಗೆ ಯಾರೂ ನೋಡದೆ ಮುಚ್ಚಿಹೋಗುತ್ತವೋ ಎಂಬ ಸಂಕಟ ನನಗೆ ಸದಾ ಇದೆ.

ಹೋಗುವ ಮೊದಲು ದಾಖಲೆ ಕಚೇರಿಯಲ್ಲಿ ಹಳೆಯ ನಕ್ಷೆ ನೋಡಿದೆ. ಟೈದ್ ಎಂದರೆ ಬೆಳೆಯ ಹತ್ತನೇ ಒಂದು ಪಾಲು ಚರ್ಚಿಗೆ ಸಲ್ಲುತ್ತಿದ್ದ ತೆರಿಗೆ. 1836ರ ಕಾಯ್ದೆಯ ನಂತರ ಅದಕ್ಕಾಗಿ ತಯಾರಾದ ಟೈದ್ ನಕ್ಷೆಗಳಲ್ಲಿ ಯಾವ ತುಂಡು ಯಾರ ಒಡೆತನ, ಯಾರ ಗೇಣಿ ಎಂಬ ಪಟ್ಟಿ ಇರುತ್ತದೆ. ಬಾರ್ನ್ ಅಲ್ಲಿ ಪುಟ್ಟ ಆಯತವಾಗಿ ಕಂಡಿತು. ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ರೈತರ ಕಟ್ಟಡಗಳ ಕತೆ ಕಾಗದದಲ್ಲಿ ಇರುವುದು ಅಪರೂಪ, ಮರದಲ್ಲೇ ಹುಡುಕಬೇಕು.

ಮೊದಲ ಭೇಟಿಯಲ್ಲಿ ನಾನು ಏನನ್ನೂ ಅಳೆಯುವುದಿಲ್ಲ. ಪಾರಿವಾಳದ ಹಿಕ್ಕೆ, ಹಳೆಯ ಹುಲ್ಲಿನ ದೂಳು, ತುಕ್ಕು ಹಿಡಿದ ಉಪಕರಣಗಳ ನಡುವೆ ಸುಮ್ಮನೆ ಸುತ್ತುತ್ತೇನೆ. ಇಲ್ಲಿ ಬಾವಲಿಗಳೂ ಇದ್ದವು. ಬ್ರಿಟನ್ನಿನಲ್ಲಿ ಎಲ್ಲ ಬಾವಲಿಗಳಿಗೂ ಕಾನೂನಿನ ರಕ್ಷಣೆ ಇದೆ. ಜೀವಿತಜ್ಞರು ನೋಡಿ ಹೇಳಿದ ಮೇಲೆಯೇ ಮೇಲ್ಭಾಗಕ್ಕೆ ಏಣಿ ಹಾಕಿದೆವು, ಒಂದು ಮೂಲೆಯನ್ನು ಮುಟ್ಟದೆ ಬಿಟ್ಟೆವು. ನಂತರ ಪ್ರತಿ ಕಂಬಕ್ಕೆ, ಪ್ರತಿ ಅಡ್ಡ ಚೌಕಟ್ಟಿಗೆ ಒಂದು ಸಂಖ್ಯೆ ಕೊಟ್ಟೆವು. ಬೇಸರದ ಕೆಲಸವೆನಿಸಬಹುದು. ಆದರೆ ಆಮೇಲೆ ತೆಗೆಯುವ ಚಿತ್ರ, ಬರೆಯುವ ಟಿಪ್ಪಣಿ ಎಲ್ಲ ಈ ಸಂಖ್ಯೆಗಳ ಮೇಲೆಯೇ ನಿಲ್ಲುತ್ತವೆ. ಹೆಸರಿಲ್ಲದ ತೊಲೆಯ ಫೋಟೋ ಹತ್ತು ವರ್ಷದ ಮೇಲೆ ಯಾರ ಉಪಯೋಗಕ್ಕೂ ಬರುವುದಿಲ್ಲ.

ಇನ್ನು ಓದು. ಬಡಗಿಗಳು ಈ ಚೌಕಟ್ಟುಗಳನ್ನು ನೆಲದ ಮೇಲೆ ಮಲಗಿಸಿ ಕೂಡಿಸುತ್ತಿದ್ದರು. ಕಾಡಿನ ಮರ ಪೂರ್ತಿ ನೇರ ಇರುವುದಿಲ್ಲ. ಹಾಗಾಗಿ ಒಂದು ಮರದ ತುದಿಯ ನಾಲಿಗೆಯನ್ನು ಅದು ಕೂರಬೇಕಾದ ಗುಳಿಗೆ ಮಾತ್ರ ಸರಿಹೊಂದುವಂತೆ ಕೆತ್ತುತ್ತಿದ್ದರು. ಮತ್ತೊಂದು ಗುಳಿಗೆ ಅದು ಕೂರದು. ಬಿಚ್ಚಿ, ಗಾಡಿಯಲ್ಲಿ ಸಾಗಿಸಿ, ಮತ್ತೆ ನಿಲ್ಲಿಸುವಾಗ ಗೊಂದಲವಾಗದಿರಲಿ ಎಂದು ಎರಡೂ ಮರಕ್ಕೆ ಒಂದೇ ಗುರುತು. ಉಳಿಯಿಂದಲೋ ಬಾಗಿದ ತುದಿಯ ಸಣ್ಣ ಚಾಕುವಿನಿಂದಲೋ ಗೀರಿದ ರೋಮನ್ ಅಂಕಿ ಅದು. ನಾಲ್ಕಕ್ಕೆ ಪುಸ್ತಕದ ರೋಮನ್ ಅಂಕಿಯಂತೆ ಐದರ ಹಿಂದೆ ಒಂದು ಬರೆಯುವುದಿಲ್ಲ, ನಾಲ್ಕು ನೇರ ಗೀರು ಹಾಕುತ್ತಾರೆ. ಮರ ತಲೆಕೆಳಗಾಗಿ ಬಿದ್ದಿದ್ದಾಗ ನಾಲ್ಕು ಮತ್ತು ಆರು ಅದಲುಬದಲಾಗಬಾರದಲ್ಲ. ನೆಲದ ಮೇಲೆ ಮಲಗಿಸಿದಾಗ ಮೇಲ್ಮುಖ ಯಾವುದೋ ಆ ಕಡೆ ಎಲ್ಲ ಮರಗಳೂ ಒಂದೇ ಸಮಕ್ಕೆ ಇರುತ್ತವೆ. ಗೂಟವನ್ನು ಹೊಡೆಯುವುದೂ ಆ ಮುಖದಿಂದಲೇ. ಆದ್ದರಿಂದ ಪ್ರತಿ ಚೌಕಟ್ಟಿಗೂ ಒಂದು ಮುಂಭಾಗ ಇದೆ. ಅದು ಯಾವ ದಿಕ್ಕಿಗೆ ನೋಡುತ್ತದೆ ಎಂಬುದು ಕಟ್ಟಿದ ಕ್ರಮದ ಸುಳಿವು.

ಗುರುತು ನೋಡುವುದಕ್ಕೆ ಟಾರ್ಚನ್ನು ಮರಕ್ಕೆ ತಾಗಿಸಿದಂತೆ ಹಿಡಿಯಬೇಕು. ಎದುರಿನಿಂದ ಬೆಳಕು ಬಿಟ್ಟರೆ ಬರೀ ಕಂದು ಬಣ್ಣ ಕಾಣುತ್ತದೆ. ಬದಿಯಿಂದ ಬಿಟ್ಟರೆ ಬಾಚಿಯ ಏಟು, ಗರಗಸದ ಗೆರೆ, ಅಂಕಿ ಎಲ್ಲ ಎದ್ದು ನಿಲ್ಲುತ್ತವೆ. ಉತ್ತರದ ಮೂರು ಅಂಕಣಗಳಲ್ಲಿ ಅಂಕಿಗಳು ಒಂದರಿಂದ ಕ್ರಮವಾಗಿ ಬಂದವು, ಎಲ್ಲ ಚೌಕಟ್ಟಿನ ಮುಖವೂ ದಕ್ಷಿಣಕ್ಕೆ. ದಕ್ಷಿಣದ ಎರಡು ಅಂಕಣಕ್ಕೆ ಬಂದಾಗ ಅಂಕಿ ಮತ್ತೆ ಒಂದರಿಂದ ಶುರು, ಮುಖ ಉತ್ತರಕ್ಕೆ. ಗೀರುಗಳ ರೀತಿಯೂ ಬೇರೆ, ಚಿಕ್ಕವು ಮತ್ತು ತುದಿಯಲ್ಲಿ ಬಾಲವಿದ್ದವು. ಒಂದೇ ಛಾವಣಿಯ ಕೆಳಗೆ ಎರಡು ಬೇರೆ ಕಟ್ಟಡ ಇದ್ದವು.

ದಕ್ಷಿಣದ ಭಾಗದಲ್ಲಿ ನಾವು ಉಳಿದೆಲ್ಲ ಕಡೆಗಿಂತ ಹೆಚ್ಚು ಹೊತ್ತು ಕಳೆದೆವು. ಗೋಡೆಯ ಮೇಲ್ತೊಲೆಯ ಕೆಳಮೈಯಲ್ಲಿ ಸಾಲಾಗಿ ಚಿಕ್ಕ ಗುಳಿಗಳಿದ್ದವು. ಬೆರಳಿಟ್ಟು ದೂಳು ತೆಗೆದರೆ ಗುಳಿ ಚೌಕವಲ್ಲ, ಮೂಲೆಯ ಮೇಲೆ ನಿಂತ ಚೌಕ, ವಜ್ರಾಕಾರ. ನೇರ ಕೆಳಗೆ, ಗೋಡೆಯ ನಡುವಿನ ಅಡ್ಡಮರದ ಮೇಲ್ಮೈಯಲ್ಲಿ ಅಂಥದ್ದೇ ಸಾಲು. ಗಾಜು ದುಬಾರಿಯಾಗಿದ್ದ ಕಾಲದ ಕಿಟಕಿ ಇದು. ಎರಡು ಸಾಲಿನ ನಡುವೆ ವಜ್ರಾಕಾರದ ಮರದ ಸರಳುಗಳು ನಿಂತಿದ್ದವು, ಒಳಗೆ ಮುಚ್ಚುಹಲಗೆ ಇರುತ್ತಿತ್ತು. ತೆನೆ ಒಟ್ಟುವ ಜಾಗಕ್ಕೆ ಇಂಥ ಕಿಟಕಿ ಬೇಕಿಲ್ಲ. ನಡುವಿನ ಅಡ್ಡಮರದಲ್ಲಿ ಮಹಡಿಯ ಜಂತೆಗಳು ಕೂರುವ ಗುಳಿಗಳೂ ಸಿಕ್ಕವು. ಅವು ಆಮೇಲೆ ಒರಟಾಗಿ ಕೊರೆದವಲ್ಲ. ಚೌಕಟ್ಟಿನ ಉಳಿದ ಸಂದುಗಳಷ್ಟೇ ನಾಜೂಕಾಗಿ, ಅದೇ ಅಗಲದ ಉಳಿಯಲ್ಲಿ ಕೆತ್ತಿದ್ದವು. ಎರಡು ಭಾಗಗಳ ನಡುವಿನ ಅಡ್ಡತೊಲೆಯ ಕೆಳಗೆ ಬೈರಿಗೆಯ ಸಣ್ಣ ತೂತುಗಳ ಸಾಲು. ಕಡ್ಡಿ ನಿಲ್ಲಿಸಿ, ಬಳ್ಳಿಯಂತೆ ರೆಂಬೆ ಹೆಣೆದು, ಮಣ್ಣು ಮೆತ್ತಿದ ಗೋಡೆ ಅಲ್ಲಿತ್ತು. ಮೂರನ್ನೂ ಕೂಡಿಸಿದರೆ: ಕಿಟಕಿ ಇತ್ತು, ಮಹಡಿ ಇತ್ತು, ಮುಚ್ಚಿದ ಗೋಡೆ ಇತ್ತು. ಆ ಎರಡು ಅಂಕಣ ಹುಟ್ಟಿದ್ದೇ ಮನುಷ್ಯರ ವಾಸಕ್ಕೆ. ಬಾರ್ನ್ ಆಗಿದ್ದು ಆಮೇಲೆ.

ಈ ಮೂರರಲ್ಲಿ ಒಂದೂ ಈಗ ಅಲ್ಲಿ ಇಲ್ಲ. ಇದ್ದದ್ದು ಗುಳಿಗಳು ಮಾತ್ರ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ. ಚಂದದ ಕೆತ್ತನೆ, ದಪ್ಪ ತೊಲೆಗಳನ್ನು ಯಾರಾದರೂ ಉಳಿಸುತ್ತಾರೆ. ಕಟ್ಟಡದ ಚರಿತ್ರೆ ಹೇಳುವುದು ಖಾಲಿ ಗುಳಿ, ಮುರಿದ ಗೂಟ, ಮಸಿ. ಮನೆ ಮಾಡುವವರು ಮೊದಲು ತುಂಬುವುದೂ ಉಜ್ಜುವುದೂ ಅವನ್ನೇ.

ಮಸಿಯ ವಿಷಯಕ್ಕೆ ಬರುತ್ತೇನೆ. ದಕ್ಷಿಣದ ಜಂತೆಗಳು ಕಪ್ಪಾಗಿದ್ದವು. ಹೊಗೆಕೊಳವೆ ಬರುವ ಮೊದಲು ಇಂಗ್ಲೆಂಡಿನ ಮನೆಗಳಲ್ಲಿ ನಡುಮನೆಯ ನೆಲದ ಮೇಲೆ ಒಲೆ ಉರಿಯುತ್ತಿತ್ತು, ಹೊಗೆ ಛಾವಣಿಯತ್ತ ಏರುತ್ತಿತ್ತು. ಜಂತೆ ಕಪ್ಪಾಗಿದೆ ಎಂದ ಕೂಡಲೇ ಇಲ್ಲೇ ಒಲೆ ಇತ್ತು ಎನ್ನುವ ಆಸೆಯಾಗುತ್ತದೆ. ಆದರೆ ಇಲ್ಲಿ ಮಹಡಿ ಇತ್ತಲ್ಲ, ಹೊಗೆ ಹೇಗೆ ಏರುತ್ತದೆ? ಏಣಿ ಹತ್ತಿ ಒಂದೊಂದೇ ಜಂತೆ ನೋಡಿದೆ. ಹೆಂಚಿನ ಕಡೆಗಿರುವ ಮೇಲ್ಮೈಯೂ ಕಪ್ಪಾಗಿತ್ತು. ಹೊದಿಕೆ ಇದ್ದ ಮೈಗೆ ಹೊಗೆ ತಗುಲುವುದಿಲ್ಲ. ಒಂದು ಜಂತೆಯಲ್ಲಿ ಗೂಟದ ತೂತು ಇತ್ತು, ಜೊತೆಯ ಮರದಲ್ಲಿ ಅದಕ್ಕೆ ಎದುರು ತೂತು ಇರಲಿಲ್ಲ. ಎರಡು ಗೀರಿನ ಜಂತೆಯ ಪಕ್ಕದಲ್ಲಿ ಏಳರ ಗುರುತಿನದ್ದು. ಮತ್ತಾವುದೋ ಹಳೆಯ ಮನೆಯ ಛಾವಣಿ ಬಿಚ್ಚಿ ತಂದು, ತಿರುವಿ ಇಲ್ಲಿ ಹಾಕಿದ್ದಾರೆ. ಓಕ್ ಬೆಲೆಬಾಳುವ ಮರ, ಹಳೆಯ ಮರವನ್ನು ಮತ್ತೆ ಬಳಸುವುದು ಬಡಗಿಗಳಿಗೆ ಸಹಜವಾಗಿತ್ತು.

ಮಾಲೀಕರು ಕೆಳಗೆ ನಿಂತು ನೋಡುತ್ತಿದ್ದರು.

“ಇದು ಹಡಗಿನ ಮರ ಅಂತ ನಮ್ಮ ತಂದೆ ಹೇಳುತ್ತಿದ್ದರು. ಯುದ್ಧದ ಹಡಗು ಒಡೆದು ತಂದದ್ದಂತೆ.”

“ಹಡಗಿನದ್ದಲ್ಲ, ಮನೆಯದ್ದು,” ಎಂದೆ. “ಮೇಲೆ ಬನ್ನಿ, ಯಾರದೋ ಒಲೆಯ ಮಸಿ ತೋರಿಸುತ್ತೇನೆ.”

ಬಂದು ಮುಟ್ಟಿ ನೋಡಿದರು. ಹಡಗಿನ ಕತೆ ಇಂಗ್ಲೆಂಡಿನಲ್ಲಿ ಪ್ರತಿ ಊರಲ್ಲೂ ಕೇಳುತ್ತೀರಿ. ಬಾಗಿದ ಮರ, ಕಾರಣ ಕಾಣದ ಗುಳಿ ಕಂಡರೆ ಜನ ಹಡಗು ಎನ್ನುತ್ತಾರೆ. ಬಾಗಿದ ಮರವನ್ನು ಬಡಗಿ ಬೇಕೆಂದೇ ಆರಿಸಿರುತ್ತಾನೆ, ಕಂಬದಿಂದ ತೊಲೆಗೆ ಓರೆಯಾಗಿ ಆಸರೆ ಕೊಡಲು. ಕಾರಣ ಕಾಣದ ಗುಳಿ ಬಹುಮಟ್ಟಿಗೆ ಇನ್ನೊಂದು ಕಟ್ಟಡದ ಗುರುತು.

ಅಳತೆಯ ಬಗ್ಗೆ ನನಗೆ ಬಲವಾದ ಅಭಿಪ್ರಾಯ ಇದೆ. ಲೇಸರ್ ಸ್ಕ್ಯಾನರ್ ತಂದೆವು, ಒಳಗೂ ಹೊರಗೂ ಕೋಟಿಗಟ್ಟಲೆ ಬಿಂದುಗಳನ್ನು ಹಿಡಿಯಿತು. ವಾಲಿದ ಕಂಬ ಎಷ್ಟು ವಾಲಿದೆ, ಜಗ್ಗಿದ ತೊಲೆ ಎಷ್ಟು ಜಗ್ಗಿದೆ ಎಂಬುದನ್ನು ಅದರಷ್ಟು ನಿಖರವಾಗಿ ಕೈಯಿಂದ ಹಿಡಿಯಲಾಗದು. ಆದರೆ ಹಸ್ತಪ್ರತಿಯ ಫೋಟೋ ತೆಗೆದ ಮಾತ್ರಕ್ಕೆ ಅದನ್ನು ಓದಿದಂತಾಗುವುದಿಲ್ಲ. ಸ್ಕ್ಯಾನರ್‌ಗೆ ವಜ್ರಾಕಾರದ ಗುಳಿಯೂ ಹುಳ ತಿಂದ ತೂತೂ ಒಂದೇ. ಆದ್ದರಿಂದ ಮುಖ್ಯ ಚೌಕಟ್ಟುಗಳನ್ನು ಪ್ಲಾಸ್ಟಿಕ್ ಡ್ರಾಯಿಂಗ್ ಹಾಳೆಯ ಮೇಲೆ, ಗಟ್ಟಿ ಪೆನ್ಸಿಲಿನಲ್ಲಿ, 1:20ರ ಪ್ರಮಾಣದಲ್ಲಿ ಸ್ಥಳದಲ್ಲೇ ಬರೆದೆವು. ಬರೆಯುವಾಗ ಕೈ ಪ್ರತಿ ಸಂದಿಯ ಹತ್ತಿರ ನಿಲ್ಲುತ್ತದೆ. ಇಲ್ಲಿ ಗೂಟ ಇದೆಯೇ, ಯಾವ ಕಡೆಯಿಂದ ಹೊಡೆದಿದ್ದಾರೆ, ನಾಲಿಗೆ ಪೂರ್ತಿ ಕೂತಿದೆಯೇ ಎಂದು ಕೇಳಲೇಬೇಕಾಗುತ್ತದೆ. ಆ ಪ್ರಶ್ನೆಗಳಿಗಾಗಿಯೇ ಕೈಯಲ್ಲಿ ಬರೆಯಬೇಕು.

ಸಂದುಗಳಿಂದ ಕಾಲ ಹೇಳುವ ವಿದ್ಯೆಗೆ ಎಸೆಕ್ಸ್‌ನಲ್ಲಿ ಗಟ್ಟಿ ಬುನಾದಿ ಹಾಕಿದವರು ಸೆಸಿಲ್ ಹೆವೆಟ್. ಬಡಗಿಗಳ ಜೋಡಣೆ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ, ಅದನ್ನು ನೋಡಿ ಕಟ್ಟಡದ ವಯಸ್ಸು ಹೇಳಬಹುದು ಎಂಬುದು ಅವರ ವಾದ. ಮಧ್ಯಯುಗದ ಕ್ರೈಸ್ತ ಯೋಧಪಂಥವಾದ ಟೆಂಪ್ಲರ್ ನೈಟ್‌ಗಳು ಕಟ್ಟಿಸಿದ, ಎಸೆಕ್ಸ್‌ನ ಕ್ರೆಸಿಂಗ್ ಟೆಂಪಲ್‌ನ ಎರಡು ದೊಡ್ಡ ಬಾರ್ನ್‌ಗಳನ್ನು ಅವರು ಹೀಗೆ ಓದಿದರು. ಮುಂದೆ ಮರದ ಉಂಗುರಗಳ ಪರೀಕ್ಷೆಯಿಂದ ಬಾರ್ಲಿಯ ಬಾರ್ನ್ 13ನೇ ಶತಮಾನದ ಮೊದಲರ್ಧದ್ದು, ಗೋಧಿಯದ್ದು ಅದೇ ಶತಮಾನದ ದ್ವಿತೀಯಾರ್ಧದ್ದು ಎಂದು ಖಚಿತವಾಯಿತು. ಕ್ರೆಸಿಂಗ್ ಬಾರ್ನ್‌ಗಳು ಈಗ ಸಾರ್ವಜನಿಕರಿಗೆ ತೆರೆದಿವೆ. ಒಕ್ಕುವ ಬಾರ್ನ್ ಹೇಗಿತ್ತು ಎಂದು ಪೂರ್ತಿ ನೋಡಬೇಕೆಂದರೆ ಲಂಡನ್ನಿನ ಅಂಚಿನ ಹಾರ್ಮಂಡ್ಸ್‌ವರ್ತ್‌ಗೂ ಹೋಗಬಹುದು. 1426–27ರಲ್ಲಿ ಕಟ್ಟಿದ, 12 ಅಂಕಣದ, ಸುಮಾರು 58 ಮೀಟರ್ ಉದ್ದದ ಆ ಬಾರ್ನ್ ಮನೆಯಾಗದೆ ಉಳಿದಿದೆ.

ನಮ್ಮ ಬಾರ್ನ್‌ನಲ್ಲೂ ಉಂಗುರ ಪರೀಕ್ಷೆ ಮಾಡಿಸಿದೆವು. ಇದಕ್ಕೆ ಬೇರೆ ಒಪ್ಪಿಗೆ ಬೇಕು, ಏಕೆಂದರೆ ಮರದಿಂದ ಬೆರಳು ಗಾತ್ರದ ತಿರುಳನ್ನು ಕೊರೆದು ತೆಗೆಯುತ್ತಾರೆ. ಮರಕ್ಕೆ ವರ್ಷಕ್ಕೊಂದು ಉಂಗುರ. ಅವುಗಳ ಅಗಲ ಕಿರಿದಿನ ಕ್ರಮವನ್ನು ಕಾಲ ಗೊತ್ತಿರುವ ಮರಗಳ ಕ್ರಮದ ಜೊತೆ ಹೊಂದಿಸಿ ನೋಡುತ್ತಾರೆ. ಕನಿಷ್ಠ 50 ಉಂಗುರವಾದರೂ ಇಲ್ಲದಿದ್ದರೆ ಹೊಂದಿಸುವುದು ಕಷ್ಟ. ಹೊರಗಿನ ಬಿಳಿಭಾಗ ತೊಗಟೆಯವರೆಗೂ ಉಳಿದಿದ್ದರೆ ಮರ ಕಡಿದ ವರ್ಷ, ಕೆಲವೊಮ್ಮೆ ಋತುವೂ ಗೊತ್ತಾಗುತ್ತದೆ. ಬಿಳಿಭಾಗ ಉದುರಿದ್ದರೆ ಅಂದಾಜು ಮಾತ್ರ. ಇಂಗ್ಲೆಂಡಿನ ಓಕ್‌ನಲ್ಲಿ ಅದು ಸಾಮಾನ್ಯವಾಗಿ 9ರಿಂದ 41 ಉಂಗುರ ಎಂದು ಲೆಕ್ಕ ಹಾಕುತ್ತಾರೆ. ಹಸಿ ಓಕ್ ಕೆತ್ತುವುದು ಸುಲಭ, ಆದ್ದರಿಂದ ಕಡಿದ ಒಂದೆರಡು ವರ್ಷದಲ್ಲೇ ಬಳಸುತ್ತಿದ್ದರು. ಕಡಿದ ವರ್ಷ ತಿಳಿದರೆ ಕಟ್ಟಿದ ಕಾಲ ತಿಳಿದಂತೆ. ಬೇಗ ಬೆಳೆದು ಉಂಗುರ ಕಡಿಮೆ ಇರುವ ಮರಗಳಿಗೆ ಸ್ವಾನ್ಸೀ ವಿಶ್ವವಿದ್ಯಾಲಯದವರು ಆಮ್ಲಜನಕದ ಐಸೊಟೋಪ್ ಅಳೆಯುವ ವಿಧಾನ ಬೆಳೆಸಿದ್ದಾರೆ, ನಮಗೆ ಅದರ ಅಗತ್ಯ ಬೀಳಲಿಲ್ಲ. ಫಲಿತಾಂಶ ಅಂಕಿಗಳ ಗುರುತಿನ ಜೊತೆ ಹೊಂದಿತು. ಎರಡು ಭಾಗದ ಮರ ಎರಡು ತಲೆಮಾರಿನ ಅಂತರದ್ದು, ವಾಸದ ಭಾಗವೇ ಹಳೆಯದು.

ಇಷ್ಟು ತಿಳಿದ ಹೊತ್ತಿಗೆ ವಾಸ್ತುಶಿಲ್ಪಿಯ ನಕ್ಷೆ ಆಗಲೇ ಸಿದ್ಧವಾಗಿತ್ತು. ನನ್ನ ತಕರಾರು ಇರುವುದು ಇಲ್ಲಿ. ಅನುಮತಿ ಮೊದಲು, ವಿನ್ಯಾಸ ಮೊದಲು, ದಾಖಲೆ ಕೊನೆಗೆ ಎನ್ನುವ ಕ್ರಮ ತಲೆಕೆಳಗಾದದ್ದು. ಕಟ್ಟಡದಲ್ಲಿ ಏನಿದೆ ಎಂದು ತಿಳಿಯುವ ಮೊದಲೇ ಏನು ಮುಚ್ಚಬೇಕು ಎಂದು ತೀರ್ಮಾನವಾಗಿರುತ್ತದೆ. ಇಂಗ್ಲೆಂಡಿನ ರಾಷ್ಟ್ರೀಯ ಪ್ಲಾನಿಂಗ್ ನೀತಿಯಲ್ಲೇ, ಪಾರಂಪರಿಕ ಕಟ್ಟಡದ ನಷ್ಟಕ್ಕೆ ಒಪ್ಪಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ, ದಾಖಲಿಸಲು ಸಾಧ್ಯ ಎಂಬುದನ್ನು ಕಾರಣವಾಗಿ ಪರಿಗಣಿಸಬಾರದು ಎಂದು ಹೇಳಿದೆ. ದಾಖಲೆ ಇದೆಯಲ್ಲ, ಇನ್ನು ಕೆಡವಬಹುದು ಎನ್ನುವಂತಿಲ್ಲ. ದಾಖಲೆಯ ಪ್ರಯೋಜನ ಉಳಿಸುವವರ ಕೈಗೆ ಸಕಾಲಕ್ಕೆ ಸಿಕ್ಕರೆ ಮಾತ್ರ.

ನಕ್ಷೆಯಲ್ಲಿ ದಕ್ಷಿಣದ ಗೋಡೆಗೆ ಒಳಗಿನಿಂದ ಶಾಖರಕ್ಷಕ ತುಂಬಿ ಪ್ಲಾಸ್ಟರ್ ಬೋರ್ಡ್ ಹೊಡೆಯುವ ಯೋಜನೆ ಇತ್ತು. ಕಿಟಕಿಯ ಗುಳಿಗಳು ಪೂರ್ತಿ ಮರೆಯಾಗುತ್ತಿದ್ದವು. ನಮ್ಮ ರೇಖಾಚಿತ್ರಗಳನ್ನು ಮೇಜಿನ ಮೇಲೆ ಹರಡಿ ವಾಸ್ತುಶಿಲ್ಪಿ, ಸಂರಕ್ಷಣಾಧಿಕಾರಿ, ಮಾಲೀಕರು ಒಟ್ಟಿಗೆ ಕೂತು ನೋಡಿದರು. ಕೊನೆಗೆ ಶಾಖರಕ್ಷಕವನ್ನು ಚೌಕಟ್ಟಿನ ಹೊರಗೆ, ಹಲಗೆಯ ಹಿಂದೆ ಹಾಕುವುದೆಂದಾಯಿತು. ಗೋಡೆ ಹೊರಕ್ಕೆ ಸ್ವಲ್ಪ ದಪ್ಪವಾಗುತ್ತದೆ, ಸೂರಿನ ವಿವರ ಬದಲಿಸಬೇಕಾಗುತ್ತದೆ, ಖರ್ಚೂ ಏರುತ್ತದೆ. ಮಾಲೀಕರು ಒಪ್ಪಿದರು. ಆ ಕಿಟಕಿಯ ಗುಳಿಗಳ ಕೆಳಗೇ ಊಟದ ಮೇಜು ಹಾಕುತ್ತೇವೆ ಎಂದರು. ಉತ್ತರದ ಕಣವನ್ನು ಮಹಡಿ ಹಾಕದೆ ನೆಲದಿಂದ ಛಾವಣಿಯವರೆಗೆ ತೆರೆದೇ ಬಿಡಬೇಕೆಂಬ ನಮ್ಮ ಇನ್ನೊಂದು ಕೋರಿಕೆ ಅರ್ಧ ಮಾತ್ರ ಈಡೇರಿತು. ಕಣದ ಅಂಕಣ ತೆರೆದಿದೆ, ಪಕ್ಕದ ಎರಡಕ್ಕೆ ಮಲಗುವ ಕೋಣೆ ಬಂದಿವೆ. ಬಾರ್ನ್ ಎಂದರೆ ಅದರ ಉದ್ದದ ಖಾಲಿ ಜಾಗ. ಅದನ್ನು ಹೋಳು ಮಾಡಿದರೆ ಮರ ಉಳಿದರೂ ಬಾರ್ನ್ ಉಳಿಯುವುದಿಲ್ಲ ಎಂಬುದು ನನ್ನ ನಂಬಿಕೆ, ಅದನ್ನು ವರದಿಯಲ್ಲೂ ಬರೆದಿದ್ದೇನೆ.

ಹೊರಗಿನ ಹಲಗೆ ಬಿಚ್ಚುವಾಗ ಮತ್ತೆ ಹೋಗಿ ನಿಂತೆವು. ಆವರೆಗೆ ಕಾಣದ ಹೊರಮೈ ಅಂದು ಮೊದಲ ಸಲ ಬೆಳಕಿಗೆ ಬಂತು. ಎರಡು ಚೌಕಟ್ಟು ಕೂಡುವಲ್ಲಿ ಹಳೆಯ ಭಾಗದ ಮೂಲೆಗಂಬ ಮಳೆಗಾಳಿಗೆ ಸವೆದಿತ್ತು. ಒಂದು ಕಾಲಕ್ಕೆ ಅದೇ ಹೊರಗೋಡೆಯಾಗಿತ್ತು ಎನ್ನುವುದಕ್ಕೆ ಇನ್ನೊಂದು ಸಾಕ್ಷಿ. ಅಂದು ಬಡಗಿಯೊಬ್ಬರು ಕೇಳಿದರು, “ಈ ಗುಳಿಗಳಿಗೆಲ್ಲ ಮರದ ತುಂಡು ತುಂಬಿ ಸಮ ಮಾಡಿಬಿಡಲಾ? ಮರಳು ಹೊಡೆದು ಕಪ್ಪನ್ನೂ ತೆಗೆದರೆ ಹೊಸದರಂತೆ ಕಾಣುತ್ತದೆ.” ಅವರನ್ನು ಕರೆದು ಟಾರ್ಚ್ ಕೊಟ್ಟು ಅಂಕಿಗಳನ್ನು ತೋರಿಸಿದೆ. ತಮ್ಮ ಕಸುಬಿನ ಹಿಂದಿನವರ ಕೈ ಎಂದು ತಿಳಿದ ಮೇಲೆ ಬೇರೆ ಮಾತು ಬೇಕಾಗಲಿಲ್ಲ. ಮೆತ್ತನೆಯ ಕುಂಚದಿಂದ ದೂಳು ತೆಗೆದು ಬಿಟ್ಟರು. ನಾನು ಗಮನಿಸದಿದ್ದ ಒಂದು ಗುರುತನ್ನು ಕಂಬದ ಬುಡದಲ್ಲಿ ಅವರೇ ಹುಡುಕಿಕೊಟ್ಟರು, ಅದೂ ನಕ್ಷೆಗೆ ಸೇರಿತು.

ಚಿತ್ರ, ನಕ್ಷೆ, ಸ್ಕ್ಯಾನ್ ಕಡತ, ಉಂಗುರ ಪರೀಕ್ಷೆಯ ವರದಿ ಎಲ್ಲ ಈಗ ಜಿಲ್ಲೆಯ ಪಾರಂಪರಿಕ ದಾಖಲೆ ಸಂಗ್ರಹಕ್ಕೆ ಸೇರಿವೆ. ಡಿಜಿಟಲ್ ಪ್ರತಿ ಯಾರ್ಕ್‌ನ ಆರ್ಕಿಯಾಲಜಿ ಡೇಟಾ ಸರ್ವಿಸ್‌ಗೆ ಹೋಗಿದೆ. ಯಾರು ಬೇಕಾದರೂ ತೆರೆದು ನೋಡಬಹುದು. ಮುಂದಿನ ಬಾರ್ನ್‌ನ ಮಾಲೀಕರು ಮೊನ್ನೆ ಫೋನ್ ಮಾಡಿದ್ದರು. ವಾಸ್ತುಶಿಲ್ಪಿ ಇನ್ನೂ ಗೊತ್ತಾಗಿಲ್ಲವಂತೆ. ಗೊತ್ತುಮಾಡುವ ಮೊದಲು ನಾವು ಒಂದು ಸುತ್ತು ನೋಡಿ ಬರುತ್ತೇವೆ, ಕೋಣೆಗಳ ಗೆರೆ ಎಳೆಯುವುದು ಆಮೇಲೆ ಇರಲಿ ಎಂದು ಕೇಳಿಕೊಂಡೆ. ಒಪ್ಪಿದ್ದಾರೆ.